ಗೊತ್ತಿರುವ ಸುದ್ದಿ, ಗೊತ್ತಿಲ್ಲದ ಪದ: ಪತ್ರಿಕೆಯಿಂದ ಇಂಗ್ಲಿಷ್ ಕಲಿಯುವ ಬಗೆ



ವಿದ್ಯಾರ್ಥಿವೇತನದ ಹಣದಿಂದ ಕಾಲೇಜಿನ ಶುಲ್ಕ ಕಟ್ಟಬಹುದು, ಪುಸ್ತಕ ಕೊಳ್ಳಬಹುದು, ಬಸ್ ಪಾಸ್ ಮಾಡಿಸಬಹುದು. ಆದರೆ ತರಗತಿಯಲ್ಲಿ ಉಪನ್ಯಾಸಕರು ಹೇಳಿದ್ದು ಅರ್ಥವಾಗದೇ ಹೋದರೆ ಆ ಹಣ ಮಗುವನ್ನು ಬೆಂಚಿನವರೆಗೆ ತಲುಪಿಸಿ ನಿಲ್ಲುತ್ತದೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳ ಮೊದಲ ಕೆಲವು ತಿಂಗಳ ಕಷ್ಟ ಇದೇ. ನಾವು ಶಿಕ್ಷಕ ವೃತ್ತಿಯಲ್ಲಿ ಇದ್ದಷ್ಟು ಕಾಲವೂ ಇದನ್ನು ನೋಡಿದ್ದೇವೆ. ಹತ್ತನೆಯ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದ ಹುಡುಗಿ ಕಾಲೇಜಿಗೆ ಹೋದ ಮೇಲೆ ಹಿಂದಿನ ಸಾಲಿಗೆ ಸರಿಯುತ್ತಾಳೆ. ಪ್ರಶ್ನೆ ಕೇಳಲು ಹೆದರುತ್ತಾಳೆ. ಮನೆಯವರು 'ವಿಜ್ಞಾನ ಇವಳಿಗೆ ಹತ್ತಲಿಲ್ಲ' ಎಂದುಕೊಳ್ಳುತ್ತಾರೆ. ಎಷ್ಟೋ ಸಲ ವಿಜ್ಞಾನ ಚೆನ್ನಾಗಿಯೇ ಹತ್ತಿರುತ್ತದೆ, ಅದನ್ನು ಹೇಳುವ ಇಂಗ್ಲಿಷ್ ಪದಗಳು ಮಾತ್ರ ಹತ್ತಿರುವುದಿಲ್ಲ. ಅಷ್ಟಕ್ಕೇ ಒಂದು ಓದು ನಡುವೆ ನಿಂತುಹೋಗುತ್ತದೆ.

ಈ ಪದಗಳನ್ನು ದುಬಾರಿ ಕೋಚಿಂಗ್ ಇಲ್ಲದೆ, ಮನೆಯಲ್ಲೇ, ದಿನಪತ್ರಿಕೆಯ ಸುದ್ದಿಯ ಮೂಲಕ ಕಲಿಯುವ ಬಗೆಯನ್ನು ಈ ವರ್ಷದ ವರದಿಯಲ್ಲಿ ವಿವರಿಸುತ್ತಿದ್ದೇವೆ.

ಪಟ್ಟಿಯ ಪದ ಏಕೆ ನಿಲ್ಲುವುದಿಲ್ಲ

ಇಂಗ್ಲಿಷ್ ಕಲಿಯಬೇಕೆಂದರೆ ನಮ್ಮ ಮಕ್ಕಳು ಮೊದಲು ಮಾಡುವ ಕೆಲಸ ಬಸ್ ನಿಲ್ದಾಣದ ಅಂಗಡಿಯಿಂದ ಸಾವಿರಾರು ಪದಗಳಿರುವ ಪುಸ್ತಕ ತಂದು ಬಾಯಿಪಾಠ ಮಾಡುವುದು. ರಾತ್ರಿ ಇಪ್ಪತ್ತು ಪದ ಬರುತ್ತವೆ, ಬೆಳಿಗ್ಗೆಗೆ ಐದು ಉಳಿಯುತ್ತವೆ. ಇದು ಮಗುವಿನ ದಡ್ಡತನವಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದೇ ದಿನದೊಳಗೆ ಹೆಚ್ಚಿನ ಪಾಲು ಮರೆತುಹೋಗಿತ್ತು. ಹಿಂದುಮುಂದು ಇಲ್ಲದೆ ಪಟ್ಟಿಯಲ್ಲಿ ನಿಂತ ಇಂಗ್ಲಿಷ್ ಪದವೂ ಮಗುವಿಗೆ ಹೆಚ್ಚುಕಡಿಮೆ ಅಂಥದೇ ಅಕ್ಷರಗುಚ್ಛ.

ಅರ್ಥ ಗೊತ್ತಾದರೂ ಇನ್ನೊಂದು ತೊಂದರೆ ಇದೆ. ಪದಗಳಿಗೆ ಜೊತೆಗಾರರು ಇರುತ್ತಾರೆ. ಕನ್ನಡದಲ್ಲಿ ನಾವು 'ಜೋರು ಮಳೆ' ಎನ್ನುತ್ತೇವೆ, 'ದಪ್ಪ ಮಳೆ' ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ಮಳೆಯ ಜೊತೆಗಾರ 'ಹೆವಿ'. 'ಬಿಗ್ ರೇನ್' ಎಂದರೆ ಕೇಳುವವರಿಗೆ ವಿಚಿತ್ರವಾಗುತ್ತದೆ. ಒಂದು ಪದವನ್ನು ಅದು ಯಾರ ಸಹವಾಸದಲ್ಲಿದೆ ಎನ್ನುವುದರಿಂದ ತಿಳಿಯಬೇಕು ಎಂಬರ್ಥದ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದರು. ಪಟ್ಟಿಯಲ್ಲಿ ಈ ಸಹವಾಸ ಕಾಣುವುದಿಲ್ಲ. ಸುದ್ದಿಯಲ್ಲಿ ಕಾಣುತ್ತದೆ.

ತುಂಗಭದ್ರೆಯ ಗೇಟು ಕಲಿಸುವ ಪಾಠ

ಒಂದು ಸುದ್ದಿಯನ್ನೇ ತೆಗೆದುಕೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನು ತೆರೆದು ನೀರು ಬಿಡಬೇಕಾಯಿತು. ಭತ್ತಕ್ಕೆ ನೀರು ಉಳಿಯುತ್ತದೆಯೋ ಇಲ್ಲವೋ ಎಂದು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರು ಕಂಗಾಲಾದರು. ಸುಮಾರು ಒಂದು ವಾರದಲ್ಲಿ ಆ ಜಾಗಕ್ಕೆ ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯಲಾಯಿತು.

ಈ ಸುದ್ದಿ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಗೊತ್ತು. ಟೀವಿಯಲ್ಲಿ ನೋಡಿದ್ದಾರೆ, ಹಿರಿಯರ ಮಾತಿನಲ್ಲಿ ಕೇಳಿದ್ದಾರೆ. ಒಳಹರಿವು, ಹೊರಹರಿವು, ಒತ್ತಡ, ಜಲಾಶಯ ಎಂಬ ಪದಗಳನ್ನು ಓದಿದ್ದಾರೆ. ಈಗ ಅದೇ ದಿನದ ಇಂಗ್ಲಿಷ್ ಪತ್ರಿಕೆಯನ್ನು ಕೈಗೆ ಕೊಟ್ಟರೆ ಏನಾಗುತ್ತದೆ? ಒಳಹರಿವಿನ ಜಾಗದಲ್ಲಿ 'ಇನ್‌ಫ್ಲೋ', ಹೊರಹರಿವಿನ ಜಾಗದಲ್ಲಿ 'ಔಟ್‌ಫ್ಲೋ', ಜಲಾಶಯದ ಜಾಗದಲ್ಲಿ 'ರಿಸರ್ವಾಯರ್', ಒತ್ತಡದ ಜಾಗದಲ್ಲಿ 'ಪ್ರೆಶರ್', ಕೊಚ್ಚಿಹೋಯಿತು ಎನ್ನುವ ಕಡೆ 'ವಾಶ್ಡ್ ಅವೇ' ಕಾಣುತ್ತವೆ. ನಡೆದದ್ದು ಏನೆಂದು ಮೊದಲೇ ಗೊತ್ತಿರುವುದರಿಂದ ಅರ್ಥವನ್ನು ಊಹಿಸಲು ಮಗುವಿಗೆ ಧೈರ್ಯ ಬರುತ್ತದೆ. ಹೀಗೆ ತಾನೇ ಊಹಿಸಿ, ಆಮೇಲೆ ನಿಘಂಟಿನಲ್ಲಿ ನೋಡಿ ಖಚಿತಪಡಿಸಿಕೊಂಡ ಪದ ಬೇಗ ಮರೆಯುವುದಿಲ್ಲ.

ಸರಪಳಿ ತುಂಡಾದದ್ದಕ್ಕೆ ಇಂಗ್ಲಿಷಿನಲ್ಲಿ 'ಸ್ನ್ಯಾಪ್' ಎಂಬ ಕ್ರಿಯಾಪದ ಬರುತ್ತದೆ. ಬಿಗಿಯಾಗಿ ಎಳೆದು ನಿಂತದ್ದು ಫಟ್ಟನೆ ತುಂಡಾದರೆ ಅದು ಸ್ನ್ಯಾಪ್. ಹಗ್ಗ, ಸರಪಳಿ, ವಿದ್ಯುತ್ ತಂತಿ ಇವಕ್ಕೆಲ್ಲ ಅದೇ ಪದ. ಎರಡು ದೇಶಗಳ ಸಂಬಂಧ ಕಡಿದುಬಿದ್ದಾಗಲೂ ಅದೇ. ಗಾಜಿನ ಲೋಟ ನೆಲಕ್ಕೆ ಬಿದ್ದು ಚೂರಾದರೆ ಮಾತ್ರ 'ಬ್ರೇಕ್' ಎನ್ನಬೇಕು. ನಿಘಂಟಿನಲ್ಲಿ ಎರಡಕ್ಕೂ 'ಮುರಿ' ಎಂದೇ ಇರಬಹುದು. ವ್ಯತ್ಯಾಸ ತಿಳಿಯುವುದು ಆ ಗೇಟಿನ ಸರಪಳಿಯಿಂದ.

ಇದರ ಜೊತೆಗೆ ಸ್ವಲ್ಪ ಗಣಿತವೂ ಸಿಗುತ್ತದೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್, ಅಂದರೆ ಸುಮಾರು 28.3 ಲೀಟರ್. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಲೆಕ್ಕದಲ್ಲಿ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಭಾಗಿಸಿ ನೋಡಿದರೆ, ಸುಮಾರು 11,574 ಕ್ಯೂಸೆಕ್ ನೀರು ಇಡೀ ದಿನ ಹೊರಗೆ ಹರಿದರೆ ಜಲಾಶಯದಲ್ಲಿ ಒಂದು ಟಿಎಂಸಿ ಕಡಿಮೆಯಾಗುತ್ತದೆ. ಇಷ್ಟು ತಿಳಿದ ಮಗು ಪತ್ರಿಕೆಯ ಅಂಕಿಗಳನ್ನು ನೋಡಿ ತಾನೇ ಲೆಕ್ಕ ಹಾಕಬಲ್ಲದು.

ಪತ್ರಿಕೆಯ ಪದ ಪಠ್ಯಪುಸ್ತಕದಲ್ಲೂ

'ಪತ್ರಿಕೆ ಓದಿದರೆ ಪರೀಕ್ಷೆಗೆ ಏನು ಪ್ರಯೋಜನ?' ಎಂದು ಪಾಲಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದೇ ಅಣೆಕಟ್ಟಿನ ಸುದ್ದಿಯಲ್ಲಿರುವ 'ಡಿಸ್ಚಾರ್ಜ್' ಎಂಬ ಪದವನ್ನು ನೋಡಿ. ಅಣೆಕಟ್ಟಿನಿಂದ ನೀರು ಬಿಡುವುದು ಡಿಸ್ಚಾರ್ಜ್. ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳಿಸುವುದೂ ಡಿಸ್ಚಾರ್ಜ್. ವಿಚಾರಣೆಗೆ ಮುಂಚೆಯೇ ನ್ಯಾಯಾಲಯ ಆರೋಪಿಯನ್ನು ಕೈಬಿಟ್ಟರೆ ಅದೂ ಡಿಸ್ಚಾರ್ಜ್. ಭೌತಶಾಸ್ತ್ರದಲ್ಲಿ ಕೆಪಾಸಿಟರ್ ತನ್ನಲ್ಲಿ ತುಂಬಿಕೊಂಡ ವಿದ್ಯುತ್ತನ್ನು ಬಿಡುವುದೂ ಅದೇ ಡಿಸ್ಚಾರ್ಜ್. ನಾಲ್ಕೂ ಕಡೆ ಒಳಗಿನ ಅರ್ಥ ಒಂದೇ: ಹಿಡಿದಿಟ್ಟದ್ದನ್ನು ಹೊರಬಿಡುವುದು. ಈ ಮೂಲ ಅರ್ಥ ಕೈಗೆ ಸಿಕ್ಕರೆ ಮಗು ನಾಲ್ಕು ಅರ್ಥಗಳನ್ನು ನಾಲ್ಕು ಸಲ ಬಾಯಿಪಾಠ ಮಾಡಬೇಕಿಲ್ಲ.

'ರೆಸಿಸ್ಟೆನ್ಸ್' ಕೂಡ ಹಾಗೆಯೇ. ಔಷಧಕ್ಕೆ ರೋಗಾಣುಗಳು ಬಗ್ಗುತ್ತಿಲ್ಲ ಎಂಬ ಆರೋಗ್ಯದ ಸುದ್ದಿಯಲ್ಲಿ ಅದು ಇದೆ, ವಿದ್ಯುತ್ ಪಾಠದಲ್ಲಿ 'ರೋಧ' ಎಂಬ ಅರ್ಥದಲ್ಲಿಯೂ ಇದೆ. 'ಯೀಲ್ಡ್' ಕೃಷಿ ಸುದ್ದಿಯಲ್ಲಿ ಇಳುವರಿ, ರಸಾಯನಶಾಸ್ತ್ರದಲ್ಲಿ ಕ್ರಿಯೆಯಿಂದ ದೊರೆತ ಪದಾರ್ಥದ ಪ್ರಮಾಣ.

ಬಿ.ಎಡ್. ಓದಿದವರಿಗೆ ಮೈಕೇಲ್ ವೆಸ್ಟ್ ಹೆಸರು ಗೊತ್ತು. ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸ ಮಾಡಿದ್ದ ಅವರು, ಇಂಗ್ಲಿಷ್ ಕಲಿಯುವವರಿಗೆ ಬೇಕಾದ ಸುಮಾರು 2000 ಮೂಲ ಪದಗಳ ಪಟ್ಟಿಯನ್ನು 1953ರಲ್ಲಿ ಹೊರತಂದರು. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ, ಆ ಮೂಲ ಪದಗಳನ್ನು ಬಿಟ್ಟು, ಕಾಲೇಜು ಓದಿನಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಗುರುತಿಸಿದರು. ಎಸ್ಟಿಮೇಟ್, ಪಾಲಿಸಿ, ಡೇಟಾ, ಸೋರ್ಸ್, ರಿಸರ್ಚ್, ಅಥಾರಿಟಿ ಮುಂತಾದವು ಅದರಲ್ಲಿವೆ. ಇವೆಲ್ಲ ದಿನಪತ್ರಿಕೆಯಲ್ಲೂ ಓಡಾಡುವ ಪದಗಳೇ. ದಿನಕ್ಕೆ ಮೂರು ಪದ, ವಾರಕ್ಕೆ ಆರು ದಿನ ಎಂದರೆ ಐವತ್ತು ವಾರಗಳಲ್ಲಿ 900 ಪದ. ಗುಡ್ಡ ದೊಡ್ಡದೇನಲ್ಲ.

ಸುದ್ದಿಯಲ್ಲಿ ಪದಕ್ಕೆ ಅಳತೆ ಇದೆ

ಮಳೆಗಾಲದ ಸುದ್ದಿ ಪದಗಳ ತೂಕವನ್ನೂ ಕಲಿಸುತ್ತದೆ. ಹವಾಮಾನ ಇಲಾಖೆ 'ಹೆವಿ ರೇನ್' ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ. 'ವೆರಿ ಹೆವಿ' ಎಂದರೆ 115.6ರಿಂದ 204.4. ಅದಕ್ಕೂ ಮೀರಿದರೆ 'ಎಕ್ಸ್‌ಟ್ರೀಮ್ಲಿ ಹೆವಿ'. ಯೆಲ್ಲೋ ಅಲರ್ಟ್ ಎಂದರೆ ಮಾಹಿತಿ ತಿಳಿದುಕೊಳ್ಳುತ್ತಿರಿ, ಆರೆಂಜ್ ಎಂದರೆ ಸಿದ್ಧರಾಗಿರಿ, ರೆಡ್ ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಕರಾವಳಿ, ಮಲೆನಾಡಿನ ಮಕ್ಕಳಿಗೆ ಇವು ಶಾಲೆಗೆ ರಜೆ ತಂದುಕೊಡುವ ಪದಗಳಾಗಿ ಚೆನ್ನಾಗಿ ಪರಿಚಯ. ಅದೇ ಪರಿಚಯವನ್ನು ಇಂಗ್ಲಿಷ್ ಪಾಠಕ್ಕೂ ಬಳಸಿಕೊಳ್ಳಬಹುದು.

ಸಣ್ಣ ಪದಗಳೂ ದೊಡ್ಡ ವ್ಯತ್ಯಾಸ ಮಾಡುತ್ತವೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ನೀಲಿ ಪ್ಯಾಕೆಟ್ಟಿನ ಹಾಲು 42ರಿಂದ 46 ರೂಪಾಯಿ ಆಯಿತು. ಇಂಗ್ಲಿಷಿನಲ್ಲಿ ದರ 'ಬೈ' 4 ರೂಪಾಯಿ ಏರಿತು, 'ಟು' 46 ರೂಪಾಯಿ ಏರಿತು. 'ಬೈ' ಎಂದರೆ ಎಷ್ಟು ಏರಿತು, 'ಟು' ಎಂದರೆ ಎಲ್ಲಿಗೆ ಏರಿತು. ಇವೆರಡನ್ನು ಅದಲುಬದಲು ಮಾಡಿದರೆ ಹಾಲು ಲೀಟರಿಗೆ ನಾಲ್ಕೇ ರೂಪಾಯಿ ಆಗಿಬಿಡುತ್ತದೆ! ಗಣಿತ, ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಇದೇ ಎರಡು ಪದಗಳು ಉತ್ತರವನ್ನು ತಪ್ಪಿಸುತ್ತವೆ.

ಪಾಲಕರು ತಿಳಿದಿರಬೇಕಾದ ಇನ್ನೊಂದು ಪದ 'ಶಾರ್ಟ್‌ಲಿಸ್ಟ್'. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' 2025ರ ಮೇ 20ರಂದು ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆಯಿತು. ಅದಕ್ಕೂ ಮೊದಲು 13 ಪುಸ್ತಕಗಳ 'ಲಾಂಗ್‌ಲಿಸ್ಟ್' ಬಂತು, ಅದರಿಂದ ಆರು ಪುಸ್ತಕಗಳ 'ಶಾರ್ಟ್‌ಲಿಸ್ಟ್' ಆಯಿತು, ಕೊನೆಗೆ ಒಂದು ಪುಸ್ತಕ ಗೆದ್ದಿತು. ಯಾವುದೇ ಅರ್ಜಿಗೆ 'ಶಾರ್ಟ್‌ಲಿಸ್ಟೆಡ್' ಎಂಬ ಉತ್ತರ ಬಂದರೆ ಆಯ್ಕೆಯಾಯಿತು ಎಂದಲ್ಲ, ಕೊನೆಯ ಸುತ್ತಿಗೆ ಬಂದಿದೆ ಎಂದರ್ಥ. ಇದು ತಿಳಿದಿದ್ದರೆ ಸಂದರ್ಶನಕ್ಕೆ ತಯಾರಿ ನಡೆಸುವುದನ್ನು ಯಾರೂ ನಿಲ್ಲಿಸುವುದಿಲ್ಲ.

ತಲೆಬರಹದ ಭಾಷೆ ಬೇರೆ

ಇಂಗ್ಲಿಷ್ ಪತ್ರಿಕೆ ಹಿಡಿದ ಮಕ್ಕಳು ಮೊದಲ ದಿನವೇ ಸೋಲುವುದು ತಲೆಬರಹದಲ್ಲಿ. ಅಲ್ಲಿ ಜಾಗ ಕಡಿಮೆ ಇರುವುದರಿಂದ ಪುಟ್ಟ ಪದಗಳನ್ನು ಬಳಸುತ್ತಾರೆ. 'ನಾಡ್' ಎಂದರೆ ತಲೆಯಾಡಿಸುವುದು, ತಲೆಬರಹದಲ್ಲಿ ಒಪ್ಪಿಗೆ. 'ರೋ' ಎಂದು ಓದಿದರೆ ಸಾಲು. ಅದೇ ಅಕ್ಷರಗಳನ್ನು 'ರೌ' ಎಂದು ಓದಿದರೆ ವಿವಾದ. 'ಹೆಲ್ಡ್' ಎಂದರೆ ಬಂಧನ. 'ಪ್ಲೀ' ಎಂದರೆ ಅರ್ಜಿ, 'ಪ್ರೋಬ್' ಎಂದರೆ ತನಿಖೆ. ಮುಗಿದುಹೋದ ಘಟನೆಯನ್ನು ವರ್ತಮಾನ ಕಾಲದಲ್ಲಿ ಬರೆಯುತ್ತಾರೆ. ಕ್ರಿಯಾಪದದ ಹಿಂದೆ 'ಟು' ಬಂದರೆ ಇನ್ನು ಮುಂದೆ ಆಗಲಿದೆ ಎಂದರ್ಥ.

ಇದನ್ನು ಅರ್ಥ ಮಾಡಿಕೊಂಡರೆ ಸಾಕು. ಪರೀಕ್ಷೆಯ ಉತ್ತರದಲ್ಲಿ ಹೀಗೆ ಬರೆಯಬಾರದು. ಕಲಿಯಬೇಕಾದ ವಾಕ್ಯರಚನೆ ತಲೆಬರಹದ ಕೆಳಗಿರುವ ಮೊದಲ ಪ್ಯಾರಾದಲ್ಲಿದೆ. ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲೇ ಉತ್ತರ ಇರುತ್ತದೆ.

ಮನೆಯ ಪದಗಳಿಗೆ ವಿಧಾನಸಭೆಯಲ್ಲಿ ಬೇರೆ ಅರ್ಥ ಇರುವುದನ್ನೂ ಗಮನಿಸಿ. 'ಹೌಸ್' ಅಲ್ಲಿ ಸದನ, 'ಬಿಲ್' ಅಲ್ಲಿ ಮಸೂದೆ. ನಮ್ಮ ಸಂಸ್ಥೆಯ ಹೆಸರಿನಲ್ಲಿರುವ 'ಟ್ರಸ್ಟ್' ಎಂಬ ಪದವೂ ಅಲ್ಲಿದೆ. 2019ರ ಜುಲೈ 23ರಂದು ಕರ್ನಾಟಕ ವಿಧಾನಸಭೆಯಲ್ಲಿ 99–105 ಮತಗಳಿಂದ ಅಂದಿನ ಸರ್ಕಾರ ಸೋತದ್ದು 'ಟ್ರಸ್ಟ್ ವೋಟ್', ಅಂದರೆ ವಿಶ್ವಾಸಮತದಲ್ಲಿ. ದಾನಿಗಳು ನಂಬಿ ಕೊಟ್ಟ ಹಣವನ್ನು ನೋಡಿಕೊಳ್ಳುವ ಸಂಸ್ಥೆಯೂ ಟ್ರಸ್ಟ್. ಎರಡರ ಬುಡದಲ್ಲೂ ನಂಬಿಕೆ ಇದೆ.

ನಮ್ಮ ಮನೆಯಿಂದ ಹೋದ ಪದಗಳು

ಇಂಗ್ಲಿಷ್ ಪರರ ಭಾಷೆ, ನಮಗೆ ಬರುವುದಿಲ್ಲ ಎಂಬ ಅಂಜಿಕೆಯೂ ಅನೇಕ ಮಕ್ಕಳಿಗೆ ಇದೆ. ಅವರಿಗೆ ನಾವು ಹೇಳುವುದು ಇಷ್ಟು. 2025ರಲ್ಲಿ 'ಮಾನ್ಸೂನ್' ಕೇರಳಕ್ಕೆ ವಾಡಿಕೆಯ ಜೂನ್ 1ರ ಬದಲು ಮೇ 24ರಂದೇ ಬಂದಿತೆಂದು ಪತ್ರಿಕೆಗಳಲ್ಲಿ ಓದಿದಿರಿ. ಆ ಮಾನ್ಸೂನ್ ಪದ ಋತು ಎಂಬ ಅರ್ಥದ ಅರಬ್ಬಿಯ 'ಮೌಸಿಮ್'ನಿಂದ ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋದದ್ದು. ಉರ್ದುವಿನ 'ಮೌಸಮ್' ಅದರ ಒಡಹುಟ್ಟು. ಅದೇ ವರ್ಷ ಅಮೆರಿಕ ನಮ್ಮ ಸರಕುಗಳ ಮೇಲೆ ಹೇರಿದ 'ಟ್ಯಾರಿಫ್' ಬಗ್ಗೆ ಓದಿದಿರಿ. ಅದರ ಮೂಲ, ತಿಳಿಯಪಡಿಸುವುದು ಎಂಬ ಅರ್ಥದ ಅರಬ್ಬಿಯ 'ತಅರೀಫ್'. ಮನೆಯಲ್ಲಿ ಹೊಗಳಿಕೆಗೆ ಹೇಳುವ 'ತಾರೀಫ್' ಕೂಡ ಅದೇ ಪದ. ಗಣಿತದ 'ಆಲ್ಜೀಬ್ರಾ' ಬಂದದ್ದು ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ವಿದ್ವಾಂಸ ಅಲ್ ಖ್ವಾರಿಜ್ಮಿ ಅವರ ಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್'ನಿಂದ. ಕಂಪ್ಯೂಟರಿನ 'ಆಲ್ಗಾರಿದಮ್' ಬಂದದ್ದು ಅವರ ಹೆಸರಿನಿಂದಲೇ.

ಕನ್ನಡ ಪತ್ರಿಕೆಯ ಕೋರ್ಟ್ ಸುದ್ದಿಯನ್ನೂ ನೋಡಿ. ವಕೀಲ, ಅರ್ಜಿ, ಜಾಮೀನು, ತಕರಾರು ಇವೆಲ್ಲ ಅರಬ್ಬಿ, ಪಾರ್ಸಿಯಿಂದ ಬಂದು ಕನ್ನಡದವೇ ಆಗಿಹೋಗಿವೆ. ಇವುಗಳ ಪಕ್ಕದಲ್ಲಿ ಅಡ್ವೊಕೇಟ್, ಪಿಟಿಶನ್, ಬೇಲ್, ಆಬ್ಜೆಕ್ಷನ್ ಎಂದು ಬರೆದುಕೊಂಡರೆ ನಾಲ್ಕು ಪದ ಒಂದೇ ಸಂಜೆ ಬಂದವು. ಪದಗಳು ಹೀಗೆ ಮನೆಯಿಂದ ಮನೆಗೆ ಹೋಗಿ ಬರುತ್ತವೆ. ಅಂಜುವ ಕಾರಣವಿಲ್ಲ.

ಮನೆಯಲ್ಲಿ ಮಾಡುವ ಕ್ರಮ

ದಿನಕ್ಕೆ ಅರ್ಧ ಗಂಟೆ ಸಾಕು.

1. ಮೊದಲು ಒಂದು ಸುದ್ದಿಯನ್ನು ಕನ್ನಡ ಅಥವಾ ಉರ್ದು ಪತ್ರಿಕೆಯಲ್ಲಿ ಪೂರ್ತಿ ಓದಿ. ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯಿಂದ 1948ರಲ್ಲಿ ಆರಂಭವಾದ ಪತ್ರಿಕೆಗಳು. ಇಂಥ ಜೋಡಿ ಓದಿಗೆ ಅನುಕೂಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಪತ್ರಿಕೆ ಓದಲು ಹಣ ಕೊಡಬೇಕಿಲ್ಲ.

2. ಗೊತ್ತಿಲ್ಲದ ಪದಗಳು ಹತ್ತು ಇದ್ದರೂ ಮೂರನ್ನೇ ಆರಿಸಿ. ಎರಡು ಸಲ ಕಣ್ಣಿಗೆ ಬಿದ್ದ ಪದಕ್ಕೆ ಮೊದಲ ಆದ್ಯತೆ ಕೊಡಿ.

3. ನೋಟ್‌ಬುಕ್ಕಿನಲ್ಲಿ ಪದ ಮಾತ್ರ ಬರೆಯಬೇಡಿ. ಅದಿರುವ ಇಡೀ ವಾಕ್ಯ, ದಿನಾಂಕ, ನಿಮ್ಮ ಊಹೆ, ನಿಘಂಟಿನ ಅರ್ಥ, ಈ ನಾಲ್ಕನ್ನೂ ಬರೆಯಿರಿ.

4. ಅದೇ ಪದದಿಂದ ನಿಮ್ಮ ಮನೆ, ಊರು, ಕಾಲೇಜಿನ ಬಗ್ಗೆ ಒಂದು ವಾಕ್ಯ ಮಾಡಿ, ಗಟ್ಟಿಯಾಗಿ ಹೇಳಿ. ಉಚ್ಚಾರಣೆಗೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಕೇಳಿ.

5. ಮರುದಿನ, ಒಂದು ವಾರದ ನಂತರ, ಒಂದು ತಿಂಗಳ ನಂತರ ಆ ಪುಟವನ್ನು ಮತ್ತೆ ತೆರೆಯಿರಿ. ಮರೆವಿಗೆ ಇದೇ ಮದ್ದು.

ಮೊದಲ ತಿಂಗಳು ಮಳೆ, ಕ್ರೀಡೆ, ಬೆಲೆ, ಆರೋಗ್ಯ, ವಿಜ್ಞಾನದ ಸುದ್ದಿಗಳು ಸಾಕು. ಸಂಪಾದಕೀಯ ಈಗಲೇ ಬೇಡ. ಫೋನಿನಲ್ಲಿ ಬರುವ, ಯಾರು ಬರೆದರೆಂದೇ ತಿಳಿಯದ ಸುದ್ದಿಗಳಿಂದ ಪದ ಕಲಿಯಬೇಡಿ. ಅಲ್ಲಿ ಭಾಷೆಯೂ ಸರಿ ಇರುವುದಿಲ್ಲ, ಸುದ್ದಿಯೂ ಸರಿ ಇರುವುದಿಲ್ಲ.

ತಂದೆತಾಯಂದಿರಲ್ಲಿ ಒಂದು ಮಾತು. ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವೇನು ಹೇಳಿಕೊಡುವುದು ಎನ್ನಬೇಡಿ. ರಾತ್ರಿ ಊಟಕ್ಕೆ ಕುಳಿತಾಗ 'ಇವತ್ತು ಇಂಗ್ಲಿಷ್ ಪೇಪರಿನಲ್ಲಿ ಏನು ಓದಿದೆ, ನಮ್ಮ ಭಾಷೆಯಲ್ಲಿ ಹೇಳು' ಎಂದು ಕೇಳಿ. ಅಬ್ಬಾ, ಅಮ್ಮಿಗೆ ತಿಳಿಯುವಂತೆ ಹೇಳಬೇಕಾದರೆ ಮಗು ಮೊದಲು ತಾನು ತಿಳಿದುಕೊಳ್ಳಲೇಬೇಕು. ಬಾವಿಯ ನೀರು, ಬೆಳೆಯ ದರ, ಆಸ್ಪತ್ರೆಯ ಅನುಭವ ನಿಮಗೆ ಮಗುವಿಗಿಂತ ಹೆಚ್ಚು ಗೊತ್ತು. ಅರ್ಥ ನಿಮ್ಮ ಬಳಿ ಇದೆ, ಪದವನ್ನು ಮಗು ತರುತ್ತದೆ.

ದಾನಿಗಳಲ್ಲಿಯೂ ಒಂದು ವಿನಂತಿ. ಶುಲ್ಕದ ನೆರವಿನ ಜೊತೆಗೆ ಒಂದು ಮನೆಗೆ ಒಂದು ವರ್ಷದ ಪತ್ರಿಕೆ ಚಂದಾ, ಅಥವಾ ಒಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು ಕೊಡಿಸಿದರೆ ಆ ಶುಲ್ಕದ ಹಣವೂ ಸಾರ್ಥಕವಾಗುತ್ತದೆ. ಅಕ್ಕಪಕ್ಕದ ಮಕ್ಕಳನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಒಂದು ಸುದ್ದಿ ಓದಿಸುವ ಸಮಯ ಯಾರಿಗಾದರೂ ಇದ್ದರೆ ಅದೂ ದೊಡ್ಡ ದಾನವೇ.

ವಿದ್ಯಾರ್ಥಿವೇತನ ನವೀಕರಣಕ್ಕೆ ಬರುವ ಮಕ್ಕಳು ತಮ್ಮ ಪದಗಳ ನೋಟ್‌ಬುಕ್ಕನ್ನು ಅಂಕಪಟ್ಟಿಯ ಜೊತೆಗೆ ತಂದು ತೋರಿಸಿದರೆ ನಮಗೆ ಸಂತೋಷ. ಇದು ಷರತ್ತಲ್ಲ, ತಾರದಿದ್ದರೆ ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ತಂದವರ ಜೊತೆ ಕುಳಿತು, ಪುಟ ತಿರುವಿ, ಅವರೇ ಮಾಡಿದ ವಾಕ್ಯಗಳನ್ನು ಓದಿ ನೋಡುತ್ತೇವೆ. ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇವತ್ತಿನ ಪತ್ರಿಕೆಯೇ ಸಾಕು.